ಬಯಾಪ್ಸಿ ರಿಪೋರ್ಟಿಗೆ ಸಹಿ ಹಾಕುವ ಡಾಕ್ಟರ್ ಹೇಗೆ ತಯಾರಾಗುತ್ತಾರೆ?

ಲ್ಯಾಬಿಗೆ ರಕ್ತ ಕೊಟ್ಟು ಬಂದರೆ ಸಂಜೆಯೊಳಗೆ ರಿಪೋರ್ಟ್ ಮೊಬೈಲಿಗೇ ಬರುತ್ತದೆ. ಬಯಾಪ್ಸಿ ಮಾಡಿಸಿದರೆ ಮಾತ್ರ ನಾಲ್ಕೈದು ದಿನ ಕಾಯಬೇಕು, ಕೆಲವೊಮ್ಮೆ ವಾರವೂ ದಾಟುತ್ತದೆ. ಮನೆಯವರು ಚಡಪಡಿಸುತ್ತಾರೆ. ಮೆಷಿನ್ನಿಗೆ ಹಾಕೋಕೆ ಇಷ್ಟು ದಿನ ಬೇಕಾ ಅಂತ ಕೌಂಟರಿನಲ್ಲಿ ಜಗಳ ಆಡುವವರೂ ಇದ್ದಾರೆ. ಆದರೆ ಬಯಾಪ್ಸಿಗೆ ಉತ್ತರ ಹೇಳುವ ಮೆಷಿನ್ ಯಾವುದೂ ಇಲ್ಲ. ದೇಹದಿಂದ ತೆಗೆದ ತುಂಡನ್ನು ಫಾರ್ಮಲಿನ್‌ನಲ್ಲಿ ನೆನೆಸಬೇಕು, ಮೇಣದಲ್ಲಿ ಕೂರಿಸಬೇಕು, 3ರಿಂದ 5 ಮೈಕ್ರಾನ್‌ನಷ್ಟು ತೆಳ್ಳಗೆ ಕೊಯ್ಯಬೇಕು, ಬಣ್ಣ ಹಾಕಿ ಗಾಜಿನ ಮೇಲೆ ತರಬೇಕು. ಅಲ್ಲಿಯವರೆಗೆ ಹೆಚ್ಚಿನದು ಟೆಕ್ನಿಷಿಯನ್ನರ ಕೆಲಸ. ಆಮೇಲೆ ಆ ಗಾಜನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ, ಇದು ಕ್ಯಾನ್ಸರ್, ಇದು ಟಿಬಿ, ಇದರಲ್ಲಿ ಹೆದರುವಂಥದ್ದು ಏನೂ ಇಲ್ಲ ಅಂತ ಬರೆದು ಸಹಿ ಹಾಕುವವರು ಒಬ್ಬ ಡಾಕ್ಟರ್. ಅವರೇ ಪ್ಯಾಥಾಲಜಿಸ್ಟ್.

ರೋಗಿ ಅವರ ಮುಖವನ್ನೇ ನೋಡಿರುವುದಿಲ್ಲ. ಆದರೂ ಸರ್ಜನ್ ಆಪರೇಷನ್ ಮಾಡಬೇಕೋ ಬೇಡವೋ, ಕೀಮೋ ಕೊಡಬೇಕೋ ಬೇಡವೋ ಎನ್ನುವುದು ಅವರು ಬರೆದ ಎರಡು ಸಾಲಿನ ಮೇಲೆ ನಿಂತಿರುತ್ತದೆ. ಲ್ಯಾಬ್ ರಿಪೋರ್ಟಿಗೆ ಪ್ಯಾಥಾಲಜಿಯಲ್ಲಿ ಸ್ನಾತಕೋತ್ತರ ಪದವಿ ಪಡೆದ, ನೋಂದಾಯಿತ ವೈದ್ಯರೇ ಸಹಿ ಹಾಕಬೇಕು ಎಂದು 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಸುಮ್ನೆ ಅಲ್ಲ. ಹಾಗಾದರೆ ಆ ಸಹಿ ಹಾಕುವ ಅರ್ಹತೆ ಹೇಗೆ ಬರುತ್ತದೆ? ಪರೀಕ್ಷೆ ಪಾಸಾದ ದಿನ ದಿಢೀರನೆ ಬರುತ್ತದೆ ಅಂದುಕೊಳ್ಳಬೇಡಿ. ಅದು ಬರುವುದು ವರ್ಷಗಟ್ಟಲೆ, ಸ್ವಲ್ಪ ಸ್ವಲ್ಪವಾಗಿ.

ಮೊದಲು ಒಂದು ಗೊಂದಲ ಬಿಡಿಸಿಬಿಡೋಣ. ಪ್ಯಾಥಾಲಜಿಸ್ಟ್ ಅಂದ ಕೂಡಲೇ ಜಾಸ್ತಿ ಜನಕ್ಕೆ ನೆನಪಾಗುವುದು ಪೊಲೀಸ್ ಕೇಸಿನ ಪೋಸ್ಟ್‌ಮಾರ್ಟಂ. ಅಮೆರಿಕದ ಸೀರಿಯಲ್‌ಗಳನ್ನು ನೋಡಿ ಬಂದ ಕಲ್ಪನೆ ಅದು. ಅಲ್ಲಿ ಫೊರೆನ್ಸಿಕ್ ಪ್ಯಾಥಾಲಜಿ ಎನ್ನುವುದು ಪ್ಯಾಥಾಲಜಿಯದ್ದೇ ಒಂದು ಕವಲು. ನಮ್ಮಲ್ಲಿ ಪೊಲೀಸ್ ಕೇಸಿನ ಶವಪರೀಕ್ಷೆ ಫೊರೆನ್ಸಿಕ್ ಮೆಡಿಸಿನ್ ಎಂಬ ಬೇರೆಯೇ ವಿಭಾಗಕ್ಕೆ ಸೇರಿದ್ದು, ಅದಕ್ಕೆ ಬೇರೆಯೇ ಎಂಡಿ, ಅಂದರೆ ಸ್ನಾತಕೋತ್ತರ ಪದವಿ, ಇದೆ. ಮೈಕ್ರೋಬಯಾಲಜಿ, ಬಯೋಕೆಮಿಸ್ಟ್ರಿ, ಬ್ಲಡ್ ಬ್ಯಾಂಕಿನ ಟ್ರಾನ್ಸ್‌ಫ್ಯೂಷನ್ ಮೆಡಿಸಿನ್, ಇವಕ್ಕೂ ಪ್ರತ್ಯೇಕ ಎಂಡಿಗಳಿವೆ. ಭಾರತದ ಪ್ಯಾಥಾಲಜಿಸ್ಟ್ ಮುಖ್ಯವಾಗಿ ನೋಡುವುದು ಮೂರನ್ನು: ಬಯಾಪ್ಸಿ ಮತ್ತು ಆಪರೇಷನ್ನಿನಲ್ಲಿ ತೆಗೆದ ಅಂಗಗಳು, ಸೂಜಿಯಿಂದ ಎಳೆದ ಅಥವಾ ಉಜ್ಜಿ ತೆಗೆದ ಜೀವಕೋಶಗಳು, ರಕ್ತ ಮತ್ತು ಮೂಳೆಮಜ್ಜೆ.

ದಾರಿ ಶುರುವಾಗುವುದು ಎಲ್ಲರಂತೆ ಎಂಬಿಬಿಎಸ್‌ನಿಂದ. ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಆಮೇಲೆ ಸ್ನಾತಕೋತ್ತರ ಸೀಟಿಗಾಗಿ ನೀಟ್-ಪಿಜಿ ಎಂಬ ಪ್ರವೇಶ ಪರೀಕ್ಷೆ. ಏಮ್ಸ್, ನಿಮ್ಹಾನ್ಸ್, ಜಿಪ್ಮರ್, ಚಂಡೀಗಢದ ಪಿಜಿಐನಂಥ ಸಂಸ್ಥೆಗಳಿಗೆ ಐಎನ್‌ಐ-ಸಿಇಟಿ ಎಂಬ ಬೇರೆ ಪರೀಕ್ಷೆ. ಕರ್ನಾಟಕದ ಕೋಟಾದ ಸೀಟುಗಳನ್ನು ಹಂಚುವುದು ಸಿಇಟಿಯಿಂದ ನಮಗೆಲ್ಲ ಗೊತ್ತಿರುವ ಕೆಇಎ.

ಇಲ್ಲೊಂದು ಕಹಿ ಸತ್ಯ ಹೇಳಬೇಕು. ಒಳ್ಳೆಯ ರ‍್ಯಾಂಕ್ ಬಂದವರು ರೇಡಿಯಾಲಜಿ, ಡರ್ಮಟಾಲಜಿ, ಜನರಲ್ ಮೆಡಿಸಿನ್ ಕಡೆ ಓಡುತ್ತಾರೆ. ಪ್ಯಾಥಾಲಜಿ ಸೀಟು ಆಮೇಲಿನ ಸುತ್ತುಗಳಿಗೆ ಉಳಿಯುತ್ತದೆ. 2023ರಲ್ಲಿ ಖಾಲಿ ಸೀಟು ತುಂಬಿಸಲು ನೀಟ್-ಪಿಜಿ ಕಟ್-ಆಫನ್ನು ಸೊನ್ನೆ ಪರ್ಸೆಂಟೈಲಿಗೆ ಇಳಿಸಿದರು. ಅಂದರೆ ಪರೀಕ್ಷೆ ಬರೆದವರೆಲ್ಲ ಅರ್ಹರು. ರೋಗಿಗಳನ್ನು ನೇರವಾಗಿ ನೋಡದ ವಿಭಾಗಗಳಲ್ಲೇ ಸೀಟು ಹೆಚ್ಚಾಗಿ ಖಾಲಿ ಉಳಿಯುವುದು. ಕ್ಯಾನ್ಸರ್ ಹೌದೋ ಅಲ್ಲವೋ ಎಂದು ತೀರ್ಮಾನಿಸುವ ವಿಷಯಕ್ಕೆ ಈ ಗತಿ ಬಂದಿರುವುದು ನನಗಂತೂ ವಿಚಿತ್ರವಾಗಿ ಕಾಣುತ್ತದೆ. ಹಾಗಂತ ಎಲ್ಲರೂ ಬೇರೆ ಸೀಟು ಸಿಗದೆ ಬಂದವರು ಅಂದುಕೊಂಡರೆ ತಪ್ಪಾಗುತ್ತದೆ. ರೋಗದ ಬುಡ ಹುಡುಕುವ ಹುಚ್ಚು ಹಿಡಿದು, ಮೊದಲ ಆಯ್ಕೆಯಾಗಿಯೇ ಇದನ್ನು ಬರೆದುಕೊಡುವವರೂ ಇದ್ದಾರೆ.

ಎಂಡಿ ಪ್ಯಾಥಾಲಜಿ ಮೂರು ವರ್ಷ. ಪರಿಭಾಷೆಯಲ್ಲಿ ಜೂನಿಯರ್ ರೆಸಿಡೆಂಟ್ ಅಂತಾರೆ, ನಮ್ಮ ಕಾಲೇಜುಗಳಲ್ಲಿ ಎಲ್ಲರೂ ಕರೆಯುವುದು ಪಿಜಿ ಎಂದೇ. ಇದು ಕ್ಲಾಸಿನಲ್ಲಿ ಕೂತು ಕಲಿಯುವ ಕೋರ್ಸ್ ಅಲ್ಲ, ಸ್ಟೈಪೆಂಡ್ ಪಡೆದು ಮಾಡುವ ದುಡಿಮೆ. ತಿಂಗಳುಗಳ ಲೆಕ್ಕದಲ್ಲಿ ಒಂದೊಂದು ವಿಭಾಗಕ್ಕೆ ಹಾಕುತ್ತಾರೆ. ಬಯಾಪ್ಸಿ ನೋಡುವ ಹಿಸ್ಟೋಪ್ಯಾಥಾಲಜಿಗೆ ಹೆಚ್ಚಿನ ಕಾಲ. ಉಳಿದಂತೆ ಬಿಡಿ ಜೀವಕೋಶ ನೋಡುವ ಸೈಟಾಲಜಿ, ರಕ್ತ ಮತ್ತು ಮಜ್ಜೆ ನೋಡುವ ಹೆಮಟಾಲಜಿ, ಬ್ಲಡ್ ಬ್ಯಾಂಕ್, ಮೂತ್ರ ಮತ್ತಿತರ ಪರೀಕ್ಷೆಗಳ ಕ್ಲಿನಿಕಲ್ ಪ್ಯಾಥಾಲಜಿ.

ಮೊದಲ ವರ್ಷದ ಪಿಜಿಗೆ ಮೈಕ್ರೋಸ್ಕೋಪಿಗಿಂತ ಮೊದಲು ಸಿಗುವುದು ಗ್ರಾಸಿಂಗ್ ಟೇಬಲ್. ಆಪರೇಷನ್ ಥಿಯೇಟರಿನಿಂದ ಡಬ್ಬಗಳಲ್ಲಿ ಬಂದ ಅಂಗಗಳನ್ನು ಬರಿಗಣ್ಣಿನಿಂದ ನೋಡಿ, ಅಳೆದು, ಕೊಯ್ದು, ಯಾವ ಜಾಗದಿಂದ ತುಂಡು ತೆಗೆಯಬೇಕು ಎಂದು ನಿರ್ಧರಿಸುವ ಜಾಗ ಅದು. ಫಾರ್ಮಲಿನ್ ವಾಸನೆಗೆ ಕಣ್ಣು ಉರಿಯುತ್ತದೆ. ಗಂಟೆಗಟ್ಟಲೆ ನಿಂತೇ ಇರಬೇಕು. ಹೊರಗಿನವರಿಗೆ ಇದು ಕಸಾಯಿಖಾನೆಯ ಕೆಲಸದಂತೆ ಕಂಡರೂ ಆಶ್ಚರ್ಯವಿಲ್ಲ. ಇಡೀ ತರಬೇತಿಯಲ್ಲಿ ಅತ್ಯಂತ ಕಡಿಮೆ ಗೌರವ ಸಿಗುವ, ಅತ್ಯಂತ ಹೆಚ್ಚು ಪರಿಣಾಮ ಬೀರುವ ಕೆಲಸ ಇದೇ ಅಂತ ನನ್ನ ಅಭಿಪ್ರಾಯ.

ಯಾಕೆ ಅಂತ ಒಂದು ಉದಾಹರಣೆಯಿಂದ ನೋಡೋಣ. ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಆಪರೇಷನ್ ಆಗಿ, ಕರುಳಿನ ಒಂದು ಭಾಗ ಲ್ಯಾಬಿಗೆ ಬಂದಿದೆ. ಅದರ ಸುತ್ತಲಿನ ಕೊಬ್ಬಿನಲ್ಲಿ ಲಿಂಫ್ ನೋಡ್ ಎಂಬ ಸಣ್ಣ ಗಂಟುಗಳು ಅಡಗಿರುತ್ತವೆ. ಕೆಲವು ಎರಡು ಮೂರು ಮಿಲಿಮೀಟರ್ ಅಷ್ಟೇ. ಕನಿಷ್ಠ 12 ಗಂಟುಗಳನ್ನಾದರೂ ಹುಡುಕಿ ಪರೀಕ್ಷಿಸಬೇಕು ಎಂಬುದು ಜಗತ್ತಿನಾದ್ಯಂತ ಒಪ್ಪಿರುವ ನಿಯಮ. ಪಿಜಿ ಆ ಕೊಬ್ಬನ್ನು ಬೆರಳಿನಿಂದ ಹಿಸುಕಿ ಹಿಸುಕಿ ಹುಡುಕಬೇಕು. ಏಳು ಸಿಕ್ಕಿತು, ಸಾಕು ಅಂತ ಕೈಬಿಟ್ಟರೆ? ಎಂಟನೆಯದರಲ್ಲಿ ಕ್ಯಾನ್ಸರ್ ಇದ್ದಿರಬಹುದು. ಗಂಟಿಗೆ ಹರಡಿದ್ದರೆ ಅದು ಮೂರನೇ ಹಂತ, ಸಾಮಾನ್ಯವಾಗಿ ಕೀಮೋ ಬೇಕು. ಹರಡಿಲ್ಲ ಎಂದು ರಿಪೋರ್ಟ್ ಹೋದರೆ ಎರಡನೇ ಹಂತವೋ ಅದಕ್ಕೂ ಕಡಿಮೆಯೋ ಎಂದಾಗುತ್ತದೆ, ಕೀಮೋ ಇಲ್ಲದೆಯೇ ಮನೆಗೆ ಕಳಿಸಬಹುದು. ಗ್ರಾಸಿಂಗಿನಲ್ಲಿ ಎತ್ತಿಕೊಳ್ಳದ ತುಂಡು ಮೈಕ್ರೋಸ್ಕೋಪಿನ ಕೆಳಗೆ ಬರುವುದೇ ಇಲ್ಲ. ಎಷ್ಟೇ ದೊಡ್ಡ ಪ್ರೊಫೆಸರ್ ಆಗಲಿ, ಗಾಜಿನ ಮೇಲೆ ಇಲ್ಲದ್ದನ್ನು ನೋಡಲಾರರು.

ಸ್ತನದ ಗಡ್ಡೆ ಬಂದರೆ ಅದರ ಅಂಚುಗಳಿಗೆ ಬಣ್ಣದ ಶಾಯಿ ಬಳಿಯುತ್ತಾರೆ. ಆಮೇಲೆ ಸ್ಲೈಡಿನಲ್ಲಿ ಕ್ಯಾನ್ಸರ್ ಕೋಶ ಶಾಯಿಗೆ ತಾಗಿದ್ದರೆ, ಸರ್ಜನ್ ಪೂರ್ತಿ ತೆಗೆದಿಲ್ಲ, ಅಲ್ಲಿ ಉಳಿದಿರಬಹುದು ಎಂದರ್ಥ. ಗಡ್ಡೆ ಸಕಾಲಕ್ಕೆ ಫಾರ್ಮಲಿನ್ ಸೇರದಿದ್ದರೆ, ಅಥವಾ 6 ಗಂಟೆಗಿಂತ ಕಡಿಮೆ, 72 ಗಂಟೆಗಿಂತ ಹೆಚ್ಚು ಅದರಲ್ಲಿದ್ದರೆ, ಮುಂದೆ ಮಾಡುವ ಈಸ್ಟ್ರೋಜನ್ ರಿಸೆಪ್ಟರ್ ಪರೀಕ್ಷೆಯನ್ನು ನಂಬುವುದು ಕಷ್ಟ. ಹಾರ್ಮೋನ್ ಮಾತ್ರೆ ಕೊಡಬೇಕೋ ಬೇಡವೋ ಎಂದು ಹೇಳುವ ಪರೀಕ್ಷೆ ಅದು. ಡಬ್ಬದ ಮೇಲಿನ ಚೀಟಿ ಓದುವುದು, ಹೆಸರು ಹೊಂದಿಸುವುದು, ಗಂಟೆ ಬರೆದುಕೊಳ್ಳುವುದು, ಇವೆಲ್ಲ ಪಿಜಿಗೆ ಮೊದಲ ತಿಂಗಳಲ್ಲೇ ಅಭ್ಯಾಸವಾಗಬೇಕು. ಒಬ್ಬರ ತುಂಡಿನ ಚೂರು ನೀರಿನ ತೊಟ್ಟಿಯಲ್ಲಿ ತೇಲಿಕೊಂಡು ಬಂದು ಇನ್ನೊಬ್ಬರ ಸ್ಲೈಡಿಗೆ ಅಂಟಿಕೊಳ್ಳುವುದೂ ಉಂಟು. ಅದನ್ನು ಗುರುತಿಸದಿದ್ದರೆ ಏನಾಗಬಹುದು ಎಂದು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಮಾರನೇ ದಿನವೋ ಎರಡು ದಿನ ಬಿಟ್ಟೋ ಸ್ಲೈಡ್ ಬರುತ್ತದೆ. ಪಿಜಿ ಮೊದಲು ಒಬ್ಬರೇ ಕೂತು ನೋಡಿ, ತಮಗೆ ತೋಚಿದ್ದನ್ನು ಬರೆದಿಡಬೇಕು. ಆಮೇಲೆ ಸೈನ್-ಔಟ್. ಒಂದೇ ಸ್ಲೈಡನ್ನು ನಾಲ್ಕೈದು ಜನ ಒಟ್ಟಿಗೆ ನೋಡಬಹುದಾದ ಮಲ್ಟಿಹೆಡ್ ಮೈಕ್ರೋಸ್ಕೋಪಿನ ಸುತ್ತ ಎಲ್ಲರೂ ಕೂರುತ್ತಾರೆ. ಪ್ರೊಫೆಸರ್ ಸ್ಲೈಡ್ ಸರಿಸುತ್ತಾ ಹೋಗುತ್ತಾರೆ. 'ಏನಿದು?' ಎನ್ನುತ್ತಾರೆ. ಪಿಜಿ ಹೇಳಿದ್ದು ಸರಿಯಾದರೆ ಮುಂದಿನ ಸ್ಲೈಡ್. ತಪ್ಪಾದರೆ 'ಯಾಕೆ ಹಾಗಂದೆ?' ಎಂಬ ಇನ್ನೊಂದು ಪ್ರಶ್ನೆ. ಮೂರು ವರ್ಷದ ತರಬೇತಿಯ ಜೀವ ಇರುವುದು ಈ ಎರಡನೇ ಪ್ರಶ್ನೆಯಲ್ಲಿ. ಪುಸ್ತಕ ಓದಿ ಲಕ್ಷಣಗಳ ಪಟ್ಟಿ ಬಾಯಿಪಾಠ ಮಾಡಬಹುದು. ಆದರೆ ದೂರದಲ್ಲಿ ಬರುತ್ತಿರುವ ನಮ್ಮ ಚಿಕ್ಕಪ್ಪನನ್ನು ನಾವು ಮುಖ ಕಾಣುವ ಮೊದಲೇ ನಡಿಗೆಯಿಂದ ಗುರುತಿಸುತ್ತೇವಲ್ಲ, ಆ ಥರದ ಗುರುತು ಸಾವಿರಾರು ಸ್ಲೈಡ್ ನೋಡದೆ ಬರುವುದಿಲ್ಲ. ತೊಂದರೆ ಏನೆಂದರೆ, ನಡಿಗೆ ಒಂದೇ ಥರ ಇರುವ ಬೇರೆಯವರೂ ಇರುತ್ತಾರೆ. ಆದ್ದರಿಂದ ಕಣ್ಣು ತಕ್ಷಣ ಹೇಳಿದ್ದನ್ನು ತಲೆ ಮತ್ತೊಮ್ಮೆ ಪರೀಕ್ಷಿಸಬೇಕು.

ಸ್ಲೈಡ್ ನೋಡಿದರೆ ಎಲ್ಲ ಕಪ್ಪು-ಬಿಳುಪಾಗಿ ಗೊತ್ತಾಗುತ್ತದೆ ಎಂದು ಜನ ನಂಬಿರುತ್ತಾರೆ. ನಿಜಕ್ಕೂ ನಡುವಿನ ಬೂದು ಜಾಗ ದೊಡ್ಡದು. ಥೈರಾಯ್ಡ್ ಗಂಟಿಗೆ ಸೂಜಿ ಹಾಕಿ ಮಾಡುವ ಎಫ್‌ಎನ್‌ಎಸಿಯನ್ನೇ ತೆಗೆದುಕೊಳ್ಳಿ. ಅದರ ರಿಪೋರ್ಟಿಗೆ ಬೆಥೆಸ್ಡಾ ಎಂಬ 6 ವರ್ಗಗಳ ಪದ್ಧತಿ ಇದೆ. ಮೊದಲನೆಯದು, ಸಿಕ್ಕಿದ ಕೋಶ ಸಾಲದು, ಏನೂ ಹೇಳಲಾಗದು. ಎರಡನೆಯದು, ಅಪಾಯವಿಲ್ಲ. ಆರನೆಯದು, ಕ್ಯಾನ್ಸರ್. ಮಧ್ಯದ ಮೂರು ಅನುಮಾನದ ಬೇರೆ ಬೇರೆ ಮಟ್ಟಗಳು. ಅನುಮಾನವನ್ನೂ ಹೀಗೆ ಅಳೆದು ಹೇಳಿದರೆ ಮುಂದೇನು ಮಾಡಬೇಕೆಂದು ಸರ್ಜನ್‌ಗೆ ತಿಳಿಯುತ್ತದೆ. ಫಾಲಿಕ್ಯುಲರ್ ಎಂಬ ಒಂದು ಜಾತಿಯ ಗಂಟು ಕ್ಯಾನ್ಸರೋ ಅಲ್ಲವೋ ಎಂದು ಸೂಜಿಯ ಪರೀಕ್ಷೆಯಲ್ಲಿ ಹೇಳಲು ಬರುವುದೇ ಇಲ್ಲ. ಗಂಟಿನ ಸುತ್ತಲಿನ ಪೊರೆಯನ್ನೋ ರಕ್ತನಾಳವನ್ನೋ ಕೋಶಗಳು ಭೇದಿಸಿವೆಯೇ ಎಂದು ನೋಡಬೇಕು, ಅದಕ್ಕೆ ಇಡೀ ಗಂಟು ಕೈಗೆ ಬರಬೇಕು. ಹೊಸ ಪಿಜಿಗೆ 'ಗೊತ್ತಾಗುತ್ತಿಲ್ಲ' ಎಂದು ಬರೆಯಲು ನಾಚಿಕೆ. ಅನುಭವಿಗಳಿಗೆ ಅದನ್ನು ಯಾವಾಗ ಬರೆಯಬೇಕು ಎಂದು ಗೊತ್ತಿರುತ್ತದೆ.

ಎರಡನೇ ವರ್ಷದ ಹೊತ್ತಿಗೆ ಜವಾಬ್ದಾರಿ ಏರುತ್ತದೆ. ಪಿಜಿ ತಾವೇ ರೋಗಿಗೆ ಸೂಜಿ ಹಾಕಿ ಎಫ್‌ಎನ್‌ಎಸಿ ಮಾಡುತ್ತಾರೆ. ಮೂಳೆಮಜ್ಜೆಯ ಪರೀಕ್ಷೆಗೆ ಸೊಂಟದ ಎಲುಬಿನಿಂದ ಮಜ್ಜೆ ಎಳೆಯುವುದನ್ನೂ ಅನೇಕ ಕಡೆ ಪ್ಯಾಥಾಲಜಿ ಪಿಜಿಗಳೇ ಮಾಡುವುದು. ಇದರ ಜೊತೆಗೆ ಫ್ರೋಜನ್ ಸೆಕ್ಷನ್. ರೋಗಿ ಇನ್ನೂ ಆಪರೇಷನ್ ಟೇಬಲ್ ಮೇಲೆ ಮಲಗಿರುವಾಗಲೇ ತುಂಡು ಲ್ಯಾಬಿಗೆ ಓಡಿ ಬರುತ್ತದೆ. ಸುಮಾರು ಮೈನಸ್ 20 ಡಿಗ್ರಿಯಲ್ಲಿ ಹೆಪ್ಪುಗಟ್ಟಿಸಿ, ಕೊಯ್ದು, ಬಣ್ಣ ಹಾಕಿ, 20 ನಿಮಿಷದ ಆಸುಪಾಸಿನಲ್ಲಿ ಉತ್ತರ ಹೇಳಬೇಕು. ಹೆಪ್ಪುಗಟ್ಟಿದ ಸ್ಲೈಡ್ ಮೇಣದ ಸ್ಲೈಡಿನಷ್ಟು ಚೆನ್ನಾಗಿರುವುದಿಲ್ಲ. ಕೊಬ್ಬಿರುವ ಭಾಗ ಸರಿಯಾಗಿ ಗಟ್ಟಿಯಾಗುವುದೇ ಇಲ್ಲ. ಅತ್ತ ಥಿಯೇಟರಿನಿಂದ ಫೋನು ಬಾರಿಸುತ್ತಿರುತ್ತದೆ. ಅಲ್ಲಿ ಉತ್ತರ ಕೊಡುವುದು ಕನ್ಸಲ್ಟೆಂಟ್, ಪಿಜಿ ಪಕ್ಕದಲ್ಲಿ ಕೂತು ಕಲಿಯುತ್ತಾರೆ. ಪಿಜಿ ಬರೆದ ಕರಡು ರಿಪೋರ್ಟ್ ಕೂಡ ಹಿರಿಯರ ಸಹಿ ಇಲ್ಲದೆ ಹೊರಗೆ ಹೋಗುವಂತಿಲ್ಲ.

ಇದರ ನಡುವೆ ಥೀಸಿಸ್. ಪರೀಕ್ಷೆಗೆ ಆರು ತಿಂಗಳು ಮೊದಲೇ ಸಲ್ಲಿಸಿರಬೇಕು. ಜೊತೆಗೆ ಮೂರು ತಿಂಗಳ ಜಿಲ್ಲಾ ರೆಸಿಡೆನ್ಸಿ. ದೊಡ್ಡ ಕಾಲೇಜಿನ ಪಿಜಿ ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕು. ಅಲ್ಲಿ ಬಯಾಪ್ಸಿ ಕಡಿಮೆ, ರಕ್ತಪರೀಕ್ಷೆ ಮತ್ತು ಬ್ಲಡ್ ಬ್ಯಾಂಕಿನ ಕೆಲಸ ಜಾಸ್ತಿ. ಕೊನೆಗೆ ಪರೀಕ್ಷೆ: ನಾಲ್ಕು ಥಿಯರಿ ಪತ್ರಿಕೆ, ಆಮೇಲೆ ಪ್ರಾಕ್ಟಿಕಲ್. ಪ್ರಾಕ್ಟಿಕಲ್‌ನಲ್ಲಿ ಸ್ಲೈಡುಗಳ ತಟ್ಟೆ ಮುಂದಿಟ್ಟು ಗಡಿಯಾರ ನೋಡುತ್ತಾರೆ. ಕರ್ನಾಟಕದ ಹೆಚ್ಚಿನ ಕಾಲೇಜುಗಳಿಗೆ ಈ ಪರೀಕ್ಷೆ ನಡೆಸುವುದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಎಂಡಿ ಬದಲು ಅದಕ್ಕೆ ಸಮಾನವಾದ ಡಿಎನ್‌ಬಿ ಮಾಡುವವರಿಗೆ ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಪರೀಕ್ಷೆ.

ಪಾಸಾದ ಮೇಲೆ ಕಾನೂನಿನ ಪ್ರಕಾರ ಸಹಿ ಹಾಕಬಹುದು. ಆದರೆ ಎಲ್ಲ ತುಂಡುಗಳಿಗೂ ಧೈರ್ಯವಾಗಿ ಹಾಕಬಹುದೇ? ಇಲ್ಲೇ ಫೆಲೋಶಿಪ್, ಅಂದರೆ ಒಂದೇ ಕವಲಿನಲ್ಲಿ ಪಳಗಲು ಮಾಡುವ ಹೆಚ್ಚಿನ ತರಬೇತಿ, ಬರುವುದು. ಪ್ಯಾಥಾಲಜಿ ಈಗ ಒಂದು ತಲೆಗೆ ಹಿಡಿಯದಷ್ಟು ಬೆಳೆದಿದೆ. ವಿಶ್ವ ಆರೋಗ್ಯ ಸಂಸ್ಥೆ ಗಡ್ಡೆಗಳ ವರ್ಗೀಕರಣಕ್ಕೆ ಅಂಗಕ್ಕೊಂದರಂತೆ ದಪ್ಪ ಪುಸ್ತಕ ಹೊರತರುತ್ತದೆ, ಪ್ರತಿ ಆವೃತ್ತಿಯಲ್ಲೂ ಹೆಸರುಗಳು ಬದಲಾಗುತ್ತವೆ. ಮೆದುಳಿನ ಗಡ್ಡೆಗೆ ಈಗ ಆಕಾರ ನೋಡಿ ಹೆಸರಿಟ್ಟರೆ ಸಾಲದು, ಜೀನ್‌ಗಳ ಬದಲಾವಣೆಯನ್ನೂ ಸೇರಿಸಿ ಹೇಳಬೇಕು. ಕಿಡ್ನಿ ಬಯಾಪ್ಸಿಗೆ ಮಾಮೂಲಿ ಬಣ್ಣದ ಜೊತೆ ಹೊಳೆಯುವ ಆಂಟಿಬಾಡಿ ಬಳಸುವ ಇಮ್ಯುನೋಫ್ಲೋರೆಸೆನ್ಸ್ ಬೇಕು, ಕೆಲವಕ್ಕೆ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಕೂಡ. ಅನೇಕ ಕಾಲೇಜುಗಳ ಪಿಜಿಗಳು ಇವನ್ನು ಪುಸ್ತಕದ ಚಿತ್ರದಲ್ಲಷ್ಟೇ ನೋಡಿರುತ್ತಾರೆ.

ಭಾರತದಲ್ಲಿ ಎಂಡಿ ಆದ ಮೇಲಿನ ದಾರಿಗಳು ಒಂದೇ ಅಳತೆಯವಲ್ಲ. ದೊಡ್ಡದು ಡಿಎಂ ಎಂಬ ಮೂರು ವರ್ಷದ ಸೂಪರ್ ಸ್ಪೆಷಾಲಿಟಿ ಪದವಿ. ಚಂಡೀಗಢದ ಪಿಜಿಐನಲ್ಲಿ ರಕ್ತರೋಗಗಳ ಹೆಮಟೋಪ್ಯಾಥಾಲಜಿ, ಮುಂಬೈಯ ಟಾಟಾ ಮೆಮೋರಿಯಲ್‌ನಲ್ಲಿ ಕ್ಯಾನ್ಸರಿಗೇ ಮೀಸಲಾದ ಆಂಕೋಪ್ಯಾಥಾಲಜಿ, ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನ್ಯೂರೋಪ್ಯಾಥಾಲಜಿ. ನಿಮ್ಹಾನ್ಸ್‌ನ ಈ ವಿಭಾಗಕ್ಕೆ ಹೆಸರಾಂತ ಬ್ರೈನ್ ಬ್ಯಾಂಕ್ ಇದೆ, ಸಾರ್ವಜನಿಕರೂ ನೋಡಬಹುದಾದ ಮೆದುಳಿನ ಮ್ಯೂಸಿಯಂ ಇದೆ. ಮಕ್ಕಳನ್ನು ಕರೆದುಕೊಂಡು ಹೋಗಿ, ಮಾಲ್‌ಗಿಂತ ಚೆನ್ನಾಗಿರುತ್ತದೆ. ಒಂದು ವರ್ಷದ ಕೋರ್ಸುಗಳೂ ಇವೆ. ಲಖನೌದ ಸಂಜಯ್ ಗಾಂಧಿ ಸಂಸ್ಥೆಯ ಕಿಡ್ನಿ ಪ್ಯಾಥಾಲಜಿಯ ಪಿಡಿಸಿಸಿ ಎಂಬ ಸರ್ಟಿಫಿಕೇಟ್ ಕೋರ್ಸ್ ಅಂಥದ್ದು. ಉಳಿದಂತೆ ವಿಶ್ವವಿದ್ಯಾಲಯಗಳ, ದೊಡ್ಡ ಆಸ್ಪತ್ರೆಗಳ ಫೆಲೋಶಿಪ್‌ಗಳು. ಇವುಗಳ ಗುಣಮಟ್ಟ ಕಾಗದ ನೋಡಿ ಗೊತ್ತಾಗುವುದಿಲ್ಲ. ಸೇರುವ ಮೊದಲು ಅಲ್ಲಿ ವರ್ಷಕ್ಕೆ ಎಷ್ಟು ಕೇಸ್ ಬರುತ್ತವೆ, ಫೆಲೋಗೆ ತಾನೇ ಬರೆಯಲು ಬಿಡುತ್ತಾರಾ, ಅಥವಾ ಬರೀ ಗ್ರಾಸಿಂಗಿಗೆ ಕೈ ಬೇಕಾಗಿದೆಯಾ ಎಂದು ಹಳೆಯ ಫೆಲೋಗಳನ್ನೇ ಕೇಳಬೇಕು. ಬೋಧಕರಾಗಬೇಕೆನ್ನುವವರು ಇದರ ಬದಲು ಒಂದು ವರ್ಷ ಸೀನಿಯರ್ ರೆಸಿಡೆಂಟ್ ಆಗುತ್ತಾರೆ. ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಗೆ ಅದು ಬೇಕು.

ಅಮೆರಿಕದಲ್ಲಿ ಲೆಕ್ಕಾಚಾರ ಬೇರೆ. ಅಲ್ಲಿನ ರೆಸಿಡೆನ್ಸಿ ಸಾಮಾನ್ಯವಾಗಿ ನಾಲ್ಕು ವರ್ಷ. ಅಂಗಾಂಶ, ಜೀವಕೋಶ ನೋಡುವ ಅನಾಟಮಿಕ್ ಪ್ಯಾಥಾಲಜಿ ಮತ್ತು ಲ್ಯಾಬ್ ಪರೀಕ್ಷೆಗಳ ಕ್ಲಿನಿಕಲ್ ಪ್ಯಾಥಾಲಜಿ ಎರಡೂ ಸೇರಿರುತ್ತವೆ. ಎರಡನೆಯದರಲ್ಲಿ ನಮ್ಮ ಮೈಕ್ರೋಬಯಾಲಜಿ, ಬಯೋಕೆಮಿಸ್ಟ್ರಿ, ಬ್ಲಡ್ ಬ್ಯಾಂಕ್ ಎಲ್ಲವೂ ಬರುತ್ತವೆ. ಒಂದನ್ನಷ್ಟೇ ಆರಿಸಿಕೊಂಡರೆ ಮೂರು ವರ್ಷ. ಎದ್ದು ಕಾಣುವ ವ್ಯತ್ಯಾಸ ಅಂದರೆ ಎಣಿಕೆ. ತರಬೇತಿ ಮುಗಿಯುವಷ್ಟರಲ್ಲಿ ಕನಿಷ್ಠ 2000 ಸರ್ಜಿಕಲ್ ಕೇಸ್, 1500 ಸೈಟಾಲಜಿ, 200 ಫ್ರೋಜನ್ ನೋಡಿರಬೇಕು ಎಂದು ಅಲ್ಲಿನ ತರಬೇತಿಗೆ ಮಾನ್ಯತೆ ನೀಡುವ ಮಂಡಳಿ ಹೇಳುತ್ತದೆ. ಶವಪರೀಕ್ಷೆಗೂ ಅಂಥದ್ದೇ ಕನಿಷ್ಠ ಲೆಕ್ಕ ಇದೆ. ನಮ್ಮಲ್ಲಿ ಲಾಗ್‌ಬುಕ್ ಇದೆ, ಆದರೆ ಕಲಿಕೆ ಕಾಲೇಜಿನ ಕೇಸುಗಳ ಮೇಲೆ ನಿಂತಿದೆ. ಸರ್ಕಾರಿ ದೊಡ್ಡಾಸ್ಪತ್ರೆಯ ಪಿಜಿ ಕೇಸುಗಳಲ್ಲಿ ಮುಳುಗೇಳುತ್ತಾರೆ. ಹಾಸಿಗೆಗಳು ಖಾಲಿ ಇರುವ ಕಾಲೇಜಿನ ಪಿಜಿ ಹಳೆಯ ಸ್ಲೈಡ್ ಡಬ್ಬವನ್ನೇ ತಿರುಗಿಸಿ ತಿರುಗಿಸಿ ನೋಡುತ್ತಾರೆ. ಇಬ್ಬರಿಗೂ ಸಿಗುವ ಪದವಿ ಒಂದೇ. ನಮ್ಮ ವ್ಯವಸ್ಥೆಯ ದೊಡ್ಡ ಕೊರತೆ ಇದು ಎಂದು ನನಗನಿಸುತ್ತದೆ.

ಅಮೆರಿಕದಲ್ಲಿ ರೆಸಿಡೆನ್ಸಿ ಮುಗಿಸಿದವರಲ್ಲಿ ಹೆಚ್ಚಿನವರು ಒಂದಾದರೂ ಫೆಲೋಶಿಪ್ ಮಾಡುತ್ತಾರೆ, ಎರಡು ಮಾಡುವವರೂ ಇದ್ದಾರೆ. ಚರ್ಮ, ರಕ್ತ, ಸೈಟಾಲಜಿ, ಮಕ್ಕಳ ಪ್ಯಾಥಾಲಜಿ, ಫೊರೆನ್ಸಿಕ್ ಎಲ್ಲವೂ ಒಂದೊಂದು ವರ್ಷ. ನ್ಯೂರೋಪ್ಯಾಥಾಲಜಿ ಮಾತ್ರ ಎರಡು. ನಮ್ಮ ಡಾಕ್ಟರುಗಳು ಅಲ್ಲಿಗೆ ಹೋಗುವುದು ಹೊಸದೇನಲ್ಲ. ವಿದೇಶಿ ಪದವೀಧರರಿಗೆ ಬಾಗಿಲು ಸ್ವಲ್ಪ ಜಾಸ್ತಿ ತೆರೆದಿರುವ ವಿಭಾಗಗಳಲ್ಲಿ ಪ್ಯಾಥಾಲಜಿಯೂ ಒಂದು. ಯುಎಸ್‌ಎಂಎಲ್‌ಇ ಎಂಬ ಅಲ್ಲಿನ ವೈದ್ಯ ಲೈಸೆನ್ಸ್ ಪರೀಕ್ಷೆ ಪಾಸಾಗಬೇಕು, ಅರ್ಜಿ ಹಾಕಬೇಕು, ಇಂಟರ್‌ವ್ಯೂ ಕೊಡಬೇಕು, ಯಾರಿಗೆ ಯಾವ ಆಸ್ಪತ್ರೆ ಎಂದು ಹೊಂದಿಸುವ ಮ್ಯಾಚ್‌ನ ಫಲಿತಾಂಶಕ್ಕೆ ಮಾರ್ಚ್‌ವರೆಗೆ ಕಾಯಬೇಕು. ಇಲ್ಲಿ ಎಂಡಿ ಮುಗಿಸಿದ್ದರೂ ಅಲ್ಲಿ ಸಾಮಾನ್ಯವಾಗಿ ಮತ್ತೆ ಮೊದಲಿನಿಂದ ರೆಸಿಡೆನ್ಸಿ. ಜೆ-1 ವೀಸಾದಲ್ಲಿ ಹೋದರೆ ತರಬೇತಿ ಮುಗಿದ ಮೇಲೆ ಎರಡು ವರ್ಷ ತಾಯ್ನಾಡಿಗೆ ಮರಳಬೇಕು, ಇಲ್ಲವೇ ವಿನಾಯಿತಿ ಪಡೆಯಬೇಕು. ಬ್ರಿಟನ್ನಿನಲ್ಲಿ ಹಿಸ್ಟೋಪ್ಯಾಥಾಲಜಿ ತರಬೇತಿ ಐದು ವರ್ಷ, ಎಫ್‌ಆರ್‌ಸಿಪ್ಯಾಥ್ ಎಂಬ ಎರಡು ಹಂತದ ಪರೀಕ್ಷೆ. ಅದನ್ನು ಭಾರತದಲ್ಲಿ ತರಬೇತಾದವರೂ ಬರೆಯಬಹುದು.

ಕಂಪ್ಯೂಟರ್ ಬಂದು ಇವರ ಕೆಲಸ ಕಿತ್ತುಕೊಳ್ಳುತ್ತದಾ ಎಂಬ ಪ್ರಶ್ನೆಯನ್ನು ಈಗ ಪ್ಯಾಥಾಲಜಿ ಸೀಟು ಸಿಕ್ಕಿದವರ ಅಪ್ಪ-ಅಮ್ಮ ಕೂಡ ಕೇಳುತ್ತಾರೆ. ಸ್ಲೈಡನ್ನು ಪೂರ್ತಿ ಸ್ಕ್ಯಾನ್ ಮಾಡಿ ಪರದೆಯ ಮೇಲೆ ನೋಡಿ ರಿಪೋರ್ಟ್ ಕೊಡಲು ಅಮೆರಿಕದಲ್ಲಿ ಔಷಧ, ವೈದ್ಯಕೀಯ ಉಪಕರಣಗಳಿಗೆ ಒಪ್ಪಿಗೆ ಕೊಡುವ ಎಫ್‌ಡಿಎ ಮೊದಲ ಸಲ ಒಪ್ಪಿದ್ದು 2017ರಲ್ಲಿ. ಪ್ರಾಸ್ಟೇಟ್ ಬಯಾಪ್ಸಿಯಲ್ಲಿ ಅನುಮಾನದ ಜಾಗ ತೋರಿಸುವ ಸಾಫ್ಟ್‌ವೇರಿಗೆ 2021ರಲ್ಲಿ ಒಪ್ಪಿಗೆ ಸಿಕ್ಕಿತು. ಅದು ತೋರಿಸುತ್ತದೆ ಅಷ್ಟೇ, ತೀರ್ಮಾನ ಡಾಕ್ಟರದ್ದೇ. ಕೊಬ್ಬಿನಲ್ಲಿ ಹನ್ನೆರಡನೇ ಗಂಟನ್ನು ಹಿಸುಕಿ ಹುಡುಕುವುದಕ್ಕೆ ಸಾಫ್ಟ್‌ವೇರ್ ಇನ್ನೂ ಬಂದಿಲ್ಲ.

ಇಷ್ಟೆಲ್ಲ ತಿಳಿದು ರೋಗಿಗೆ ಏನು ಪ್ರಯೋಜನ? ಒಂದಿದೆ. ರಿಪೋರ್ಟಿನಲ್ಲಿ ಅಪರೂಪದ ಗಡ್ಡೆಯ ಹೆಸರಿದ್ದರೆ, ಅಥವಾ ಐಎಚ್‌ಸಿ (ಆಂಟಿಬಾಡಿ ಬಳಸಿ ಕೋಶದ ಜಾತಿ ಗುರುತಿಸುವ ವಿಶೇಷ ಬಣ್ಣದ ಪರೀಕ್ಷೆ) ಮಾಡಿಸಿ, ತಜ್ಞರ ಅಭಿಪ್ರಾಯ ಪಡೆಯಿರಿ ಎಂದು ಬರೆದಿದ್ದರೆ, ಲ್ಯಾಬಿನವರಿಗೆ ಕೆಲಸ ಬರುವುದಿಲ್ಲ ಎಂದು ಸಿಟ್ಟಾಗಬೇಡಿ. ತಮ್ಮ ಮಿತಿ ಗೊತ್ತಿರುವವರು ಹಾಗೆ ಬರೆಯುತ್ತಾರೆ. ನಿಮ್ಮ ತುಂಡಿನ ಮೇಣದ ಬ್ಲಾಕ್ ಮತ್ತು ಸ್ಲೈಡುಗಳನ್ನು ಲ್ಯಾಬ್ ಎಸೆದಿರುವುದಿಲ್ಲ, ಇಟ್ಟಿರುತ್ತದೆ. ಒಂದು ಅರ್ಜಿ ಬರೆದು ಅವನ್ನು ಕೇಳಿ ಪಡೆಯಬಹುದು. ಅದೇ ಅಂಗದಲ್ಲಿ ಪಳಗಿದ ಪ್ಯಾಥಾಲಜಿಸ್ಟ್ ಇರುವ ಕಿದ್ವಾಯಿ, ನಿಮ್ಹಾನ್ಸ್, ಟಾಟಾ ಮೆಮೋರಿಯಲ್‌ನಂಥ ಕಡೆ ಎರಡನೇ ಅಭಿಪ್ರಾಯಕ್ಕೆ ಕೊಡಬಹುದು. ಹೊಸದಾಗಿ ಸೂಜಿ ಚುಚ್ಚಿಸಿಕೊಳ್ಳುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ಹೋಗುವಾಗ ಸ್ಲೈಡ್ ಮಾತ್ರ ತೆಗೆದುಕೊಂಡು ಹೋಗಬೇಡಿ, ಬ್ಲಾಕ್ ಕೂಡ ಇರಲಿ. ಮುಂದಿನ ಪರೀಕ್ಷೆಗೆ ಹೊಸ ತೆಳುಪದರ ಕೊಯ್ಯಬೇಕಾದರೆ ಬ್ಲಾಕ್ ಬೇಕು. ಮೊದಲ ರಿಪೋರ್ಟಿನ ಜೆರಾಕ್ಸ್, ಸ್ಕ್ಯಾನ್ ರಿಪೋರ್ಟು, ಆಪರೇಷನ್ ಟಿಪ್ಪಣಿ ಜೊತೆಗಿರಲಿ. ಕೇಸಿನ ಹಿನ್ನೆಲೆ ಗೊತ್ತಿಲ್ಲದೆ ಬರೀ ಗಾಜು ನೋಡಿ ಹೇಳುವುದು ಎಷ್ಟೇ ತರಬೇತಾದವರಿಗೂ ಕಷ್ಟ.